ಅತ್ತೆಯ ಜತೆ ಓನ್ಸೆನ್‌ಗೆ: ಸ್ನಾನಕ್ಕಿಂತ ಮೊದಲು ಊಟದ ಚಿಂತೆ ಮಾಡಿ

ಓದುಗರ ಪ್ರಶ್ನೆ: ನಾವು ಮೈಸೂರಿನವರು. ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ನವೆಂಬರ್ ಕೊನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಅವನಲ್ಲಿಗೆ ಹೋಗುತ್ತಿದ್ದೇವೆ. ಅವನು ಕಿನೊಸಾಕಿ ಎಂಬ ಊರಿನಲ್ಲಿ ಓನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ವಸತಿಗೃಹವೊಂದನ್ನು ಒಂದು ರಾತ್ರಿಗೆ, ಎರಡು ಹೊತ್ತಿನ ಊಟ ಸಮೇತ ಬುಕ್ ಮಾಡಿದ್ದಾನೆ. ಅಲ್ಲಿ ಎಲ್ಲರೂ ಮೈಮೇಲೆ ಬಟ್ಟೆಯಿಲ್ಲದೆ ಒಟ್ಟಿಗೆ ಸ್ನಾನ ಮಾಡಬೇಕಂತೆ. ಅತ್ತೆಗೆ 71 ವರ್ಷ. ಬಿಪಿ, ಶುಗರ್, ಮಂಡಿನೋವು ಮೂರೂ ಇವೆ. ಮುಂಗೈ ಮೇಲೆ ಹಳೇ ಕಾಲದ ಹಚ್ಚೆ ಇದೆ. ಹಚ್ಚೆ ಇದ್ದವರನ್ನು ಒಳಗೆ ಬಿಡುವುದಿಲ್ಲ ಎಂದು ಯಾರೋ ಹೇಳಿದರು. ಆದರೆ ಆ ನೀರಿಗೆ ಮಂಡಿನೋವು ವಾಸಿಯಾಗುತ್ತದೆ ಎಂದು ಕೇಳಿ ಅವರಿಗೇ ಆಸೆ. ನಾವು ಮೂವರೂ ಸಸ್ಯಾಹಾರಿಗಳು, ಯಜಮಾನರು ಮಾತ್ರ ಮೊಟ್ಟೆ ತಿನ್ನುತ್ತಾರೆ. ಮಗ ಎಲ್ಲವನ್ನೂ ತಿನ್ನುತ್ತಾನೆ. ಹೋಗಬಹುದೋ, ಕ್ಯಾನ್ಸಲ್ ಮಾಡಿಸುವುದೋ?

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಭಾಗ ಸ್ನಾನದ ಬಗ್ಗೆ ಇದೆ, ಊಟದ ಬಗ್ಗೆ ಇರುವುದು ಎರಡು ಸಾಲು. ಜಪಾನ್ ಪ್ರವಾಸಗಳನ್ನು ಹೊಂದಿಸಿಕೊಡುವುದೇ ನನ್ನ ಕೆಲಸ. ಪತ್ರ ಓದಿದಾಗ ನನಗೆ ಚಿಂತೆಯಾಗಿದ್ದು ಆ ಎರಡು ಸಾಲು ನೋಡಿ. ಸ್ನಾನದ ತೊಂದರೆಗಳಿಗೆಲ್ಲ ಅಲ್ಲೇ ದಾರಿ ಇದೆ. ಊಟದ್ದನ್ನು ಮಾತ್ರ ಇಲ್ಲಿಂದಲೇ ಸರಿಮಾಡಿಕೊಂಡು ಹೋಗಬೇಕು.

ಮೊದಲು ಸ್ನಾನದ ವಿಷಯ ಮುಗಿಸೋಣ.

ಬಟ್ಟೆಯಿಲ್ಲದೆ ಸ್ನಾನ ಎನ್ನುವುದು ನಿಜ. ಗಂಡಸರು ಹೆಂಗಸರು ಒಟ್ಟಿಗೆ ಎನ್ನುವುದು ನಿಮ್ಮ ಮಟ್ಟಿಗೆ ನಿಜವಲ್ಲ. ಒಟ್ಟಿಗೆ ಇಳಿಯುವ ಕೊಳಗಳು ಈಗ ಅಲ್ಲಲ್ಲಿ, ಹೆಚ್ಚಾಗಿ ದೂರದ ಬೆಟ್ಟದೂರುಗಳಲ್ಲಿ ಉಳಿದಿವೆ ಅಷ್ಟೆ. ಬಾಕಿ ಎಲ್ಲ ಕಡೆ ಹೆಂಗಸರಿಗೇ ಬೇರೆ ಬಾಗಿಲು, ಬೇರೆ ಕೊಳ. ಬಾಗಿಲಿಗೆ ತೂಗುಬಿಟ್ಟ ಪರದೆ ಸಾಮಾನ್ಯವಾಗಿ ಹೆಂಗಸರ ಕಡೆಗೆ ಕೆಂಪು, ಗಂಡಸರ ಕಡೆಗೆ ನೀಲಿ. ಒಂದು ಎಚ್ಚರಿಕೆ: ಎಷ್ಟೋ ಕಡೆ ಎರಡೂ ಕೊಳಗಳ ಸೊಗಸು ಎಲ್ಲರಿಗೂ ಸಿಗಲಿ ಎಂದು ರಾತ್ರಿ ಕಳೆದ ಮೇಲೆ ಪರದೆ ಅದಲುಬದಲು ಮಾಡುತ್ತಾರೆ. ನಿನ್ನೆ ಸಂಜೆ ಹೋದ ಬಾಗಿಲು ಎಂದು ಬೆಳಿಗ್ಗೆ ಕಣ್ಣುಜ್ಜಿಕೊಂಡು ನುಗ್ಗಬೇಡಿ. ಯಜಮಾನರಿಗೂ ಹೇಳಿಡಿ.

ಇನ್ನು ಸಂಕೋಚ. ಇಷ್ಟು ವರ್ಷದಲ್ಲಿ ನಾನು ಕಂಡಿದ್ದೇನೆಂದರೆ, ನಮ್ಮ ಹೆಂಗಸರಿಗೆ ಗುರುತಿಲ್ಲದ ಜಪಾನಿನವರ ಎದುರು ಆಗುವುದಕ್ಕಿಂತ ಜಾಸ್ತಿ ಮುಜುಗರ ಆಗುವುದು ಅತ್ತೆಯ ಎದುರು, ಸೊಸೆಯ ಎದುರು. ಪತ್ರದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ, ಅಲ್ವಾ? ಇದಕ್ಕೆ ಕಾಶಿಕಿರಿ ಎಂಬ ಏರ್ಪಾಡು ಇದೆ. ಸಣ್ಣ ಕೊಳವೊಂದನ್ನು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನಿಮಗೇ ಬಿಟ್ಟುಕೊಡುತ್ತಾರೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು. ಕಿನೊಸಾಕಿಯಲ್ಲಿ ಇದು ಸುಲಭವಾಗಿ ಸಿಗುತ್ತದೆ. ಅದಕ್ಕೊಂದು ಹಳೇ ಕಾರಣ ಇದೆ. ಆ ಊರಿನ ಬಾಳು ನಿಂತಿರುವುದು ಬೀದಿಯಲ್ಲಿರುವ ಏಳು ಸಾರ್ವಜನಿಕ ಸ್ನಾನಗೃಹಗಳ ಮೇಲೆ. ಒಂದು ಕಾಲಕ್ಕೆ ರ್ಯೋಕಾನ್‌ಗಳು, ಅಂದರೆ ಈ ಸಾಂಪ್ರದಾಯಿಕ ವಸತಿಗೃಹಗಳು, ತಮ್ಮೊಳಗೇ ಸ್ನಾನಗೃಹ ಕಟ್ಟಿಕೊಳ್ಳುವುದನ್ನು ಊರೇ ವಿರೋಧಿಸಿ ವರ್ಷಗಟ್ಟಲೆ ಜಗಳ ನಡೆದಿತ್ತು. ಹಾಗಾಗಿ ಇವತ್ತಿಗೂ ಒಳಗಿನ ಕೊಳಗಳು ಚಿಕ್ಕವು. ಚಿಕ್ಕದಾದ್ದರಿಂದಲೇ ಒಂದೊಂದು ಕುಟುಂಬಕ್ಕೆ ಸರದಿ ಮೇಲೆ ಕೊಡುವುದು ರೂಢಿ. ದೊಡ್ಡ ಸ್ನಾನಗೃಹ ಬೇಕೆಂದವರು ಯುಕಾತಾ ಎಂಬ ತೆಳು ನಿಲುವಂಗಿ ಉಟ್ಟು, ಮರದ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೊರಡುತ್ತಾರೆ. ಅಲ್ಲಿ ತಂಗಿದವರಿಗೆ ಏಳಕ್ಕೂ ಪಾಸ್ ಉಚಿತ. ಅತ್ತೆಯವರಿಗೆ ಮಾತ್ರ ಮರದ ಚಪ್ಪಲಿ ಬೇಡ, ಅವರದೇ ಶೂ ಇರಲಿ. ಯುಕಾತಾದ ಎಡ ಸೆರಗು ಬಲದ ಮೇಲೆ ಬರಬೇಕು. ಬಲ ಸೆರಗು ಮೇಲೆ ಬರುವಂತೆ ಉಡಿಸುವುದು ತೀರಿಕೊಂಡವರಿಗೆ.

ಹಚ್ಚೆಯ ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಜಪಾನಿನಲ್ಲಿ ಮೈತುಂಬ ಹಚ್ಚೆ ಎಂದರೆ ಯಾಕುಜಾ ಎಂಬ ಪಾತಕಿ ಗುಂಪುಗಳ ಗುರುತು ಎಂಬ ಹಳೇ ಭಯ ಇದೆ. 2015ರಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ವಸತಿಗೃಹಗಳ ಪೈಕಿ ಸುಮಾರು ಶೇ. 56ರಷ್ಟು ಹಚ್ಚೆಯವರನ್ನು ಬಿಡುವುದಿಲ್ಲ ಎಂದಿದ್ದವು. ಸುಮಾರು ಶೇ. 31ರಷ್ಟು ಬಿಡುತ್ತೇವೆ ಎಂದಿದ್ದವು. ಉಳಿದವು ಮುಚ್ಚಿಕೊಂಡು ಬಂದರೆ ಸರಿ ಎಂದವು. ನಿಮ್ಮ ಅದೃಷ್ಟಕ್ಕೆ ಕಿನೊಸಾಕಿಯ ಏಳೂ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆಗೆ ಅಡ್ಡಿಯಿಲ್ಲ. ನಿಮ್ಮ ರ್ಯೋಕಾನ್‌ನ ಒಳಗಿನ ಕೊಳದ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ. ಬೇರೆ ಊರಿಗೆ ಹೋದರೆ ಚರ್ಮದ ಬಣ್ಣದ ಅಂಟುಪಟ್ಟಿ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ಹಾಗೆಯೇ ಹೊರಡುವ ವಾರ ಯಾರ ಮದುವೆಗಾದರೂ ಹೋಗಿ ಮೊಣಕೈತನಕ ಮೆಹಂದಿ ಹಾಕಿಸಿಕೊಳ್ಳಬೇಡಿ. ಅದನ್ನೂ ಹಚ್ಚೆ ಎಂದುಕೊಂಡು ತಡೆದು ವಿವರಣೆ ಕೇಳಬಹುದು.

ನೀರು ಮಂಡಿನೋವನ್ನು ವಾಸಿ ಮಾಡುತ್ತದೆಯೇ? ವಾಸಿ ಮಾಡುವುದಿಲ್ಲ. ಹಾಯೆನಿಸುತ್ತದೆ, ಅದು ಕೆಲವು ಗಂಟೆಗಳ ಮಟ್ಟಿಗೆ. ಬಿಸಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೀರಿನಲ್ಲಿ ಮೈಭಾರ ಮಂಡಿಯ ಮೇಲೆ ಬೀಳುವುದಿಲ್ಲ. ಕಿನೊಸಾಕಿಯದು ಉಪ್ಪಿನಂಶದ ನೀರು. ಆ ಉಪ್ಪು ಚರ್ಮದ ಮೇಲೆ ತೆಳುವಾಗಿ ನಿಂತು ಬೆವರು ಆರುವುದನ್ನು ತಡೆಯುತ್ತದೆ, ಹಾಗಾಗಿ ಎದ್ದ ಮೇಲೂ ಮೈ ಬೆಚ್ಚಗಿರುತ್ತದೆ. ದೀಪಾವಳಿಗೆ ಎಣ್ಣೆ ಹಚ್ಚಿ ಹಂಡೆ ನೀರು ಸುರಿದುಕೊಂಡ ಮೇಲೆ ಮೈ ಹಗುರಾಗುತ್ತದಲ್ಲ, ಸುಮಾರಾಗಿ ಆ ಸುಖ. ಅದಕ್ಕಿಂತ ದೊಡ್ಡ ಭರವಸೆ ಯಾರಾದರೂ ಕೊಟ್ಟರೆ ನಂಬಬೇಡಿ. ಜಪಾನಿನ 1948ರ ಓನ್ಸೆನ್ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಇದ್ದರೆ ಸಾಕು, ಅದಕ್ಕೆ ಓನ್ಸೆನ್ ಎಂಬ ಹೆಸರು ಸಿಗುತ್ತದೆ. ಇಲ್ಲವೇ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಯಾವುದಾದರೂ ಒಂದು ಸಾಕಷ್ಟು ಇದ್ದರೂ ಅದು ಓನ್ಸೆನ್ನೇ. ನಮ್ಮ ಪುತ್ತೂರಿನ ಹತ್ತಿರದ ಬೆಂದ್ರು ತೀರ್ಥ ಅಲ್ಲಿದ್ದಿದ್ದರೆ ಸುತ್ತ ನಾಲ್ಕು ರ್ಯೋಕಾನ್ ಎದ್ದಿರುತ್ತಿದ್ದವು. ನೀರಿನಲ್ಲಿ ಏನೇನಿದೆ, ಯಾವ ಕಾಯಿಲೆಯವರು ಇಳಿಯಬಾರದು ಎಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಫಲಕ ತೂಗುಹಾಕಿರುತ್ತಾರೆ. ಜ್ವರ ಇದ್ದವರು, ಸುಮ್ನೆ ಕೂತಿದ್ದರೂ ಏದುಸಿರು ಬರುವಷ್ಟು ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರು, ಕಾಲು ಊದಿಕೊಳ್ಳುವಂಥ ಮೂತ್ರಪಿಂಡದ ಕಾಯಿಲೆಯವರು ಇಳಿಯಬಾರದು. ಹತೋಟಿಯಲ್ಲಿರುವ ಬಿಪಿ, ಶುಗರ್‌ಗೆ ನಿಷೇಧವಿಲ್ಲ. ಆದರೂ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ನಾನು ಹೇಳುತ್ತಿರುವುದು ಪ್ರವಾಸದವನ ಮಾತು, ವೈದ್ಯನದ್ದಲ್ಲ.

ಅಪಾಯ ಎಲ್ಲಿದೆ ಎಂದು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ನವೆಂಬರ್ ಕೊನೆಯಲ್ಲಿ ಬಟ್ಟೆ ಬದಲಿಸುವ ಕೋಣೆ ತಣ್ಣಗಿರುತ್ತದೆ. ಕೊಳದ ನೀರು 40ರಿಂದ 42 ಡಿಗ್ರಿ. ಚಳಿಗೆ ಬಿಗಿದ ರಕ್ತನಾಳ ಬಿಸಿಗೆ ತಟ್ಟನೆ ಹಿಗ್ಗುತ್ತದೆ, ಬಿಪಿ ಏರಿ ಇಳಿಯುತ್ತದೆ. ವಯಸ್ಸಾದವರಿಗೆ ತಲೆಸುತ್ತು ಬರುವುದು ನೀರಿನೊಳಗೆ ಇರುವಾಗ, ಅದಕ್ಕಿಂತ ಹೆಚ್ಚಾಗಿ ಎದ್ದು ನಿಲ್ಲುವಾಗ. ಹಾಗಾಗಿ ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಸೊಂಟಕ್ಕೆ ಎಂದು ಬಿಸಿನೀರು ಹೊಯ್ದುಕೊಂಡು ಮೈಗೆ ಅಭ್ಯಾಸ ಮಾಡಿಸಬೇಕು. ಮೊದಲ ಸಲ ಮೂರರಿಂದ ಐದು ನಿಮಿಷ ಸಾಕು, ಎದೆಯ ಕೆಳಗಿನ ಮಟ್ಟಕ್ಕೆ. ಏಳುವಾಗ ಕಂಬಿ ಹಿಡಿದು ನಿಧಾನವಾಗಿ ಏಳಬೇಕು. ಶುಗರ್ ಇರುವವರಿಗೆ ಇನ್ನೊಂದು ವಿಷಯ. ಚೆಕ್-ಇನ್ ಮಧ್ಯಾಹ್ನ ಮೂರಕ್ಕೆ, ಎಲ್ಲರೂ ಸ್ನಾನಕ್ಕೆ ಹೋಗುವುದು ನಾಲ್ಕು ಐದಕ್ಕೆ, ಬರೀ ಹೊಟ್ಟೆಯಲ್ಲಿ. ರೂಮಿನಲ್ಲಿ ಟೀ ಜತೆ ಒಂದು ಸಿಹಿ ಇಟ್ಟಿರುತ್ತಾರೆ, ಅದನ್ನು ಸ್ನಾನಕ್ಕೆ ಮೊದಲೇ ತಿನ್ನಲಿ ಎಂಬುದೇ ಅದರ ಉದ್ದೇಶ ಎನ್ನುತ್ತಾರೆ. ಅದು ಮೊಟ್ಟೆ ಸೇರಿಸಿದ ಕೇಕಿನಂಥದ್ದೂ ಇರಬಹುದು. ಅತ್ತೆಯವರಿಗೆ ನಿಮ್ಮ ಬ್ಯಾಗಿನಿಂದಲೇ ಎರಡು ಬಿಸ್ಕತ್ತು ಕೊಡಿ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ನೀರಿನ ಬಿಸಿಯನ್ನು ನೀವು ಕೈಯಿಟ್ಟು ನೋಡಿ. ಕಾಶಿಕಿರಿಯಲ್ಲಿ ಅವರೊಬ್ಬರನ್ನೇ ಬಿಡಬೇಡಿ, ಒಟ್ಟಿಗೆ ಇಳಿಯಲು ಸಂಕೋಚವಾದರೆ ನೀವು ಬಾಗಿಲ ಆಚೆ ಕೂತಿರಿ, ಮಾತಾಡುತ್ತಾ ಇರಿ.

ಒಂದೇ ನೀರಿನಲ್ಲಿ ಎಲ್ಲರೂ ಮುಳುಗುವುದು ಮೈಲಿಗೆ ಎಂದು ಅತ್ತೆಯವರು ಹೇಳಬಹುದು. ಕೊಳ ಇರುವುದು ಮೈತೊಳೆಯಲಿಕ್ಕೆ ಅಲ್ಲ. ಪಕ್ಕದಲ್ಲಿ ಸಣ್ಣ ಸ್ಟೂಲ್ ಮೇಲೆ ಕೂತು, ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆಯೇ ಇಳಿಯಬೇಕು. ಕೂದಲು ನೀರಿಗೆ ತಾಗಬಾರದು, ಟವೆಲು ಅದ್ದಬಾರದು. ಆ ದಿನ ತಲೆಗೆ ಕೊಬ್ಬರಿ ಎಣ್ಣೆ ಬೇಡವೇ ಬೇಡ. ಹಾಗಂತ ಎಲ್ಲ ಕಡೆ ನೀರು ಚೊಕ್ಕ ಎಂದು ನಾನು ಪ್ರಮಾಣ ಮಾಡಲಾರೆ. 2023ರಲ್ಲಿ ಫುಕುವೋಕಾ ಪ್ರಾಂತ್ಯದ ಹಳೇ ರ್ಯೋಕಾನೊಂದು ವರ್ಷಕ್ಕೆ ಎರಡೇ ಸಲ ನೀರು ಪೂರ್ತಿ ಬದಲಿಸುತ್ತಿತ್ತು ಎಂದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಅಂಥದ್ದು ಅಪರೂಪ, ಅದಕ್ಕೇ ಸುದ್ದಿಯಾಯಿತು.

ಈಗ ಊಟ.

ನಿಮ್ಮ ಮಗ ಆರಿಸಿರುವ ಊರು ಚೆನ್ನಾಗಿದೆ, ತಿಂಗಳು ಸರಿಯಿಲ್ಲ. ಜಪಾನ್ ಸಮುದ್ರದ ಆ ಕರಾವಳಿಯಲ್ಲಿ ನವೆಂಬರ್ 6ಕ್ಕೆ ಮತ್ಸುಬಾ ಏಡಿಯ ಹಂಗಾಮು ಶುರು. ಯಾವ ಬಂದರಿನದು ಎಂದು ತಿಳಿಯಲು ಏಡಿಯ ಕಾಲಿಗೇ ಬಣ್ಣದ ಚೀಟಿ ಕಟ್ಟಿರುತ್ತಾರೆ. ಆಗ ಊರಿಗೆ ಊರೇ ಏಡಿಯ ಹಿಂದೆ. ಹಸಿ ಏಡಿ, ಸುಟ್ಟ ಏಡಿ, ಬೇಯಿಸಿದ ಏಡಿ, ಕೊನೆಗೆ ಏಡಿಯ ಸಾರಿನಲ್ಲಿ ಅನ್ನದ ಗಂಜಿ. ಜಪಾನಿನವರು ಆ ಊಟಕ್ಕೆಂದೇ ಹಣ ಕೂಡಿಟ್ಟು ಬರುತ್ತಾರೆ. ಅಡುಗೆಮನೆಗೆ ಉಸಿರಾಡಲು ಪುರಸೊತ್ತಿಲ್ಲದ ಅದೇ ವಾರ ನೀವು ಮೂರು ಸಸ್ಯಾಹಾರಿ ಎಲೆ ಕೇಳುತ್ತಿದ್ದೀರಿ.

ಏಡಿ ತೆಗೆದು ಬೇರೆ ಏನಾದರೂ ಬಡಿಸಬಹುದಲ್ಲ ಎಂದು ಅನ್ನಿಸುತ್ತದೆ. ತೊಡಕು ಇರುವುದು ದಾಶಿಯಲ್ಲಿ. ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಮೀನಿನ ತೆಳು ಚಕ್ಕೆ ಮತ್ತು ಕೊಂಬು ಎಂಬ ಕಡಲಕಳೆ ಹಾಕಿ ಬೆಳಿಗ್ಗೆಯೇ ಒಂದು ದೊಡ್ಡ ಪಾತ್ರೆ ತಿಳಿಸಾರು ಮಾಡಿಟ್ಟುಕೊಳ್ಳುತ್ತಾರೆ. ದಿನವಿಡೀ ಎಲ್ಲದಕ್ಕೂ ಅದೇ. ಮಿಸೊ ಸೂಪಿಗೆ ಅದು, ಮೂಲಂಗಿ ಬೇಯಿಸಲು ಅದು, ತೆಂಪುರಾ ಎಂಬ ಬಜ್ಜಿ ಅದ್ದಿಕೊಳ್ಳುವ ಸಾರಿಗೆ ಅದು, ಸೊಪ್ಪು ನೆನೆಸಿಡುವ ರಸಕ್ಕೂ ಅದು. ಬೆಳಗಿನ ತಿಂಡಿಯ ಮೊಟ್ಟೆ ಸುರುಳಿಯಲ್ಲೂ ಇರುತ್ತದೆ, ಯಜಮಾನರಿಗೆ ಹೇಳಿ. ಅಡುಗೆಯವರ ಕಣ್ಣಿಗೆ ಅದು ಮೀನು ಎಂದು ಕಾಣುವುದೇ ಇಲ್ಲ, ನಮಗೆ ಸಾರಿಗೆ ಹಾಕಿದ ಇಂಗು ಲೆಕ್ಕಕ್ಕೆ ಬರದ ಹಾಗೆ. ಮೀನು ಮಾಂಸ ಬೇಡ ಎಂದರೆ ಪ್ರಾಮಾಣಿಕವಾಗಿ ತರಕಾರಿ ಊಟ ತಂದಿಡುತ್ತಾರೆ, ಪ್ರತಿ ಬಟ್ಟಲಲ್ಲೂ ಮೀನಿನ ರಸ ಇರುತ್ತದೆ. ದಾಶಿಯೂ ಬೇಡ ಎಂದು ಅಲ್ಲಿ ಕೂತ ಮೇಲೆ ಹೇಳಿದರೆ ಉಳಿಯುವುದು ಅನ್ನ, ಹಣ್ಣು, ಪೆಚ್ಚುಮೋರೆಯ ಅಡುಗೆಯವರು. ಅವರು ಎಷ್ಟು ಜನಕ್ಕೆ ಏನು ಎಂದು ಮೊದಲೇ ಎಣಿಸಿ ಸಾಮಾನು ತಂದಿರುತ್ತಾರೆ. ಸಂಜೆ ಆರಕ್ಕೆ ಬದಲಿಸಲು ಏನೂ ಇರುವುದಿಲ್ಲ.

ಹಾಗಾಗಿ ಮೊದಲು ಮನೆಯಲ್ಲೇ ಕೂತು ನಿಮ್ಮ ಗೆರೆ ಎಲ್ಲಿದೆ ಎಂದು ತೀರ್ಮಾನ ಮಾಡಿ. ಕಣ್ಣಿಗೆ ಕಾಣುವ ಮೀನು ಇಲ್ಲದಿದ್ದರೆ ಸಾಕೆ? ದಾಶಿಯೂ ಬೇಡವೆ? ಮೀನು ಕರಿದ ಎಣ್ಣೆಯಲ್ಲಿ ಕರಿದ ಬದನೆಕಾಯಿ ಆಗುತ್ತದೆಯೆ? ಈರುಳ್ಳಿ, ಬೆಳ್ಳುಳ್ಳಿ? ಅಡುಗೆಗೆ ಹಾಕುವ ಅಕ್ಕಿಯ ಮದ್ಯ? ಇದರಲ್ಲಿ ತಪ್ಪು ಸರಿ ಇಲ್ಲ. ದಾಶಿ ಪರವಾಗಿಲ್ಲ ಎನ್ನುವವರಿಗೆ ಜಪಾನಿನಲ್ಲಿ ಹತ್ತು ಬಾಗಿಲು ತೆರೆಯುತ್ತವೆ, ಬೇಡ ಎನ್ನುವವರಿಗೆ ಎರಡು ಮೂರು. ಅಷ್ಟೇ ವ್ಯತ್ಯಾಸ. ಒಬ್ಬೊಬ್ಬರ ಗೆರೆ ಬೇರೆ ಇದ್ದರೆ ಹಾಗೆಯೇ ಬೇರೆ ಬೇರೆ ಬರೆಯಿರಿ.

ಆಮೇಲೆ ಮಗನ ಕೈಲಿ ರ್ಯೋಕಾನ್‌ಗೆ ಜಪಾನಿ ಭಾಷೆಯಲ್ಲಿ ಪತ್ರ ಬರೆಸಿ. ‘ಸಸ್ಯಾಹಾರಿ’ ಎಂಬ ಒಂದು ಪದ ಹಾಕಿ ಬಿಡಬೇಡಿ. ಏನು ತಿನ್ನುವುದಿಲ್ಲ, ಏನು ತಿನ್ನುತ್ತೇವೆ ಎರಡನ್ನೂ ಹೆಸರು ಹಿಡಿದು ಬರೆಯಿರಿ. ತೋಫು, ಅಣಬೆ, ಬೇರು ತರಕಾರಿ, ಎಳ್ಳು, ಕೊಂಬು ದಾಶಿ, ಶಿಟಾಕೆ ಅಣಬೆಯ ದಾಶಿ, ಸೋಯಾ ಸಾಸ್ ಇವೆಲ್ಲ ಆಗುತ್ತವೆ ಎಂದು ತಿಳಿದರೆ ಅಡುಗೆಯವರಿಗೆ ದಾರಿ ಕಾಣುತ್ತದೆ. ಅದೇ ಪತ್ರದಲ್ಲಿ ಅತ್ತೆಯವರಿಗೆ ಮಂಚ, ಊಟಕ್ಕೆ ಕುರ್ಚಿ ಮೇಜು ಸಿಗುತ್ತದೆಯೇ ಎಂದು ಕೇಳಿ. ಇಲ್ಲದಿದ್ದರೆ ತತಾಮಿ ಚಾಪೆಯ ಮೇಲೆ ಕಾಲು ಮಡಚಿ ಊಟ, ನೆಲದ ಮೇಲೆ ಹಾಸಿಗೆ. ಆ ಮಂಡಿಗೆ ಸ್ನಾನ ಕೊಟ್ಟ ಸುಖವನ್ನೆಲ್ಲ ಅದೇ ಕಿತ್ತುಕೊಳ್ಳುತ್ತದೆ.

ಆಗುವುದಿಲ್ಲ ಎಂದು ಉತ್ತರ ಬರಬಹುದು. ಬೇಜಾರು ಮಾಡಿಕೊಳ್ಳಬೇಡಿ. ಹೂಂ ಎಂದು ಏನೋ ಒಂದು ತಂದಿಡುವವರಿಗಿಂತ ಆಗಲ್ಲ ಎಂದು ನೇರವಾಗಿ ಹೇಳುವವರ ಮೇಲೆ ನನಗೆ ಗೌರವ ಜಾಸ್ತಿ. ಆಗ ಒಂದು ದಾರಿಯೆಂದರೆ ಬುಕಿಂಗ್ ಉಳಿಸಿಕೊಂಡು ರಾತ್ರಿ ಊಟ ಬಿಡುವುದು. ರೂಮು ಮಾತ್ರ, ಅಥವಾ ತಿಂಡಿ ಮಾತ್ರ ಎಂಬ ದರಗಳೂ ಕೆಲವು ಕಡೆ ಇವೆ. ಆದರೆ ಏಡಿಯ ಹಂಗಾಮಿನಲ್ಲಿ ಅದಕ್ಕೆ ಒಪ್ಪುವವರು ಕಡಿಮೆ, ಏಕೆಂದರೆ ಅವರ ಗಳಿಕೆಯೇ ಊಟದಲ್ಲಿದೆ. ಒಪ್ಪಿದರೂ ಹೊರಗೆ ನಿಮಗೆ ಸಿಗುವುದು ಅಷ್ಟಕ್ಕಷ್ಟೇ, ಉದೊನ್ ಎಂಬ ನೂಡಲ್ಸ್ ಅಂಗಡಿಯ ಸಾರಿನಲ್ಲೂ ಅದೇ ದಾಶಿ. ರೂಮಿನಲ್ಲಿ ಪುಳಿಯೋಗರೆ ಗೊಜ್ಜು ಕಲಸಿಕೊಂಡರಾಯಿತು ಎನ್ನಬೇಡಿ. ಹೊರಗಿನ ಊಟ ತರಬಾರದು ಎಂಬ ನಿಯಮ ಹಲವು ಕಡೆ ಇದೆ, ತತಾಮಿ ಹೀರಿಕೊಂಡ ಒಗ್ಗರಣೆಯ ವಾಸನೆ ಬೇಗ ಹೋಗುವುದೂ ಇಲ್ಲ. ಹಾಗೆಯೇ ಹಸಿ ಕರಿಬೇವು, ಹಣ್ಣು, ತರಕಾರಿಯನ್ನು ಮೈಸೂರಿನಿಂದ ಕಟ್ಟಿಕೊಂಡು ಹೋಗಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಒಂದು ರಾತ್ರಿಯನ್ನು ಎರಡು ತುಂಡು ಮಾಡುತ್ತಿದ್ದೆ. ಸ್ನಾನಕ್ಕೆ ಅರಿಮಾ, ಊಟಕ್ಕೆ ಕೋಯಾಸಾನ್.

ಅರಿಮಾ ಇರುವುದು ಕೋಬೆಯ ಬೆಟ್ಟದ ಹಿಂದೆ. ಒಸಾಕಾದಿಂದ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಜಪಾನಿನ ತುಂಬ ಹಳೇ ಓನ್ಸೆನ್ ಊರುಗಳಲ್ಲಿ ಒಂದು. ಅಲ್ಲಿನ ‘ಚಿನ್ನದ ನೀರು’ ಕಬ್ಬಿಣ ಮತ್ತು ಉಪ್ಪು ತುಂಬಿದ ಕೆಂಗಂದು ನೀರು, ಬಿಳಿ ಟವೆಲಿಗೆ ಕಲೆ ಹಿಡಿಯುತ್ತದೆ. ಬೆಳ್ಳಿ ಕಾಲುಂಗುರ ಬಿಚ್ಚಿಡುವುದು ಒಳ್ಳೆಯದು. ತಂಗದೆಯೇ ಬರೀ ಸ್ನಾನ ಮಾಡಿ ಬರುವ ಏರ್ಪಾಡು ಹಲವು ಕಡೆ ಇದೆ, ಕಾಶಿಕಿರಿ ಕೊಡುವ ಕಡೆ ಮಗ ಮೊದಲೇ ಹೇಳಿಡಲಿ. ಹಚ್ಚೆಯ ನಿಯಮವನ್ನೂ ಆಗಲೇ ಕೇಳಲಿ. ಮಧ್ಯಾಹ್ನದ ಊಟಕ್ಕೆ ಕೋಬೆ. ಆ ಬಂದರಿನಲ್ಲಿ ಗುಜರಾತಿ, ಜೈನ ವ್ಯಾಪಾರಿಗಳು ಬಹಳ ಕಾಲದಿಂದ ನೆಲೆಸಿದ್ದಾರೆ, 1985ರಲ್ಲಿ ಕಟ್ಟಿದ ಅಮೃತಶಿಲೆಯ ಜೈನ ಮಂದಿರವೂ ಇದೆ. ಸಸ್ಯಾಹಾರಿ ಎಂದರೆ ಏನು ಎಂದು ವಿವರಿಸಬೇಕಿಲ್ಲದ ಹೋಟೆಲುಗಳು ಅಲ್ಲಿ ಸಿಗುತ್ತವೆ.

ಕೋಯಾಸಾನ್ ಬೇರೆ ದಿಕ್ಕಿಗೆ. ಒಸಾಕಾದ ನಂಬಾ ಸ್ಟೇಷನ್ನಿನಿಂದ ರೈಲು, ಕೊನೆಗೆ ಬೆಟ್ಟ ಹತ್ತಲು ಕೇಬಲ್ ಕಾರ್. ಎರಡು ಗಂಟೆ ಹಿಡಿಯುತ್ತದೆ. 816ರಲ್ಲಿ ಕೂಕಾಯ್ ಎಂಬ ಭಿಕ್ಷು ನೆಲೆ ಮಾಡಿದ ಬೆಟ್ಟ. ಈಗಲೂ ಐವತ್ತರಷ್ಟು ದೇವಾಲಯಗಳು ಯಾತ್ರಿಕರಿಗೆ ತಂಗಲು ಕೊಡುತ್ತವೆ. ಅಲ್ಲಿ ಬಡಿಸುವ ಶೋಜಿನ್ ಊಟಕ್ಕೆ ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದಾಶಿ ಕೊಂಬು ಮತ್ತು ಒಣ ಶಿಟಾಕೆಯದು. ಎಳ್ಳಿನ ತೋಫು, ಚಳಿಗೆ ಗಟ್ಟಿಯಾಗಿಸಿ ಒಣಗಿಸಿದ ಕೋಯಾ ತೋಫು, ಸೋಯಾ ಹಾಲಿನ ಕೆನೆಯಿಂದ ತೆಗೆದ ಯುಬಾ, ಬೆಟ್ಟದ ಸೊಪ್ಪುಗಳು. ಕೊನ್ಯಾಕು ಎಂಬ ಲೋಳೆಯಂಥ ತುಂಡೂ ಬರಬಹುದು. ಹೆದರಬೇಡಿ, ಅದು ನಮ್ಮ ಸುವರ್ಣಗೆಡ್ಡೆಯ ಹತ್ತಿರದ ನೆಂಟ. ಖಾರ ಇಲ್ಲ, ಒಗ್ಗರಣೆ ಇಲ್ಲ. ಎರಡನೇ ತುತ್ತಿಗೆ ಉಪ್ಪಿನಕಾಯಿ ನೆನಪಾಗುತ್ತದೆ. ಆದರೂ ಒಂದು ಸೀಮೆಯ ಊಟವನ್ನು ಏನೂ ಕಳೆದುಕೊಳ್ಳದೆ, ಯಾರನ್ನೂ ಬೇಡಿಕೊಳ್ಳದೆ ನೀವು ಉಣ್ಣಬಹುದಾದ ಜಾಗ ಅದೇ. ತೊಂದರೆಗಳೂ ಇವೆ. ಅಲ್ಲಿ ಮೈಸೂರಿನವರು ಕಂಡರಿಯದ ಚಳಿ, ನೆಲದ ಹಾಸಿಗೆ, ಬೆಳಗಿನ ಜಾವದ ಪ್ರಾರ್ಥನೆ. ಸ್ನಾನಗೃಹ ಸಾಮಾನ್ಯವಾಗಿ ಕಾಯಿಸಿದ ನೀರಿನದು, ಬುಗ್ಗೆಯದ್ದಲ್ಲ. ಮಂಚ ಇರುವ ರೂಮು ಕೆಲವೇ ಕಡೆ ಇದೆ, ಬೇಗ ಹಿಡಿಯಬೇಕು.

ಇನ್ನೂ ಎರಡು ದಿನ ಬಿಡುವಿದ್ದರೆ ಕ್ಯೂಶೂ ದ್ವೀಪದ ಬೆಪ್ಪು ಇದೆ. ಅಲ್ಲಿನ ಕನ್ನಾವಾ ಬೀದಿಗಳಲ್ಲಿ ನೆಲದಿಂದ ಹಬೆ ಏಳುತ್ತದೆ, ಆ ಹಬೆಯಲ್ಲೇ ಅಡುಗೆ. ಹಳೇ ಬಗೆಯ ವಸತಿಗೃಹಗಳಲ್ಲಿ ತಂಗಿದವರು ಗೆಣಸು, ಕುಂಬಳ, ಎಲೆಕೋಸು ತಂದು ತಾವೇ ಬೇಯಿಸಿಕೊಳ್ಳಬಹುದು. ಸಸ್ಯಾಹಾರಿ ಗುಂಪುಗಳಿಗೆ ನಾನು ಹೆಚ್ಚಾಗಿ ಹೇಳುವುದು ಅದನ್ನೇ. ನಿಮ್ಮ ಅತ್ತೆಯವರಿಗೆ ಒಸಾಕಾದಿಂದ ಅಷ್ಟು ದೂರ ಓಡಾಟ ಬೇಡ ಅನ್ನಿಸಿ ಪಕ್ಕಕ್ಕಿಟ್ಟೆ.

ದುಡ್ಡಿನ ಬಗ್ಗೆ ಒಂದು ಮಾತು. ರ್ಯೋಕಾನ್ ದರ ರೂಮಿಗಲ್ಲ, ತಲೆಗೆ. ಊಟ ಬದಲಿಸಿದರೆ, ಬಿಟ್ಟರೆ ದರ ಇಳಿಯುತ್ತದೆ ಎಂದು ಎಣಿಸಬೇಡಿ. ಕ್ಯಾನ್ಸಲ್ ಮಾಡಿದರೆ ಎಷ್ಟು ಕಡಿತ ಎಂಬುದು ಬುಕಿಂಗ್ ಪತ್ರದಲ್ಲೇ ಇರುತ್ತದೆ. ಸಾಮಾನ್ಯವಾಗಿ ದಿನ ಹತ್ತಿರವಾದಷ್ಟೂ ಕಡಿತ ಏರುತ್ತದೆ, ಹಂಗಾಮಿನಲ್ಲಿ ಇನ್ನೂ ಮೊದಲೇ ಶುರುವಾಗಬಹುದು. ಅದಕ್ಕೇ ಪತ್ರ ಈ ವಾರವೇ ಹೋಗಲಿ. ದಾಶಿ ಇಲ್ಲದ ಊಟ ಕೊಡುತ್ತೇವೆ ಎಂದು ಏನೇನು ಬಡಿಸುತ್ತಾರೆಂಬ ವಿವರದ ಜತೆ ಉತ್ತರ ಬಂದರೆ ಕಿನೊಸಾಕಿಗೇ ಹೋಗಿ. ‘ಪ್ರಯತ್ನ ಮಾಡುತ್ತೇವೆ’ ಎಂದಷ್ಟೇ ಬಂದರೆ ಬಿಟ್ಟುಬಿಡಿ. ಮಗನಿಗೆ ಏಡಿ ತಿನ್ನಲು ಮಾರ್ಚ್ 20ರವರೆಗೆ ಸಮಯವಿದೆ, ನಿಮ್ಮನ್ನು ವಿಮಾನ ಹತ್ತಿಸಿದ ಮೇಲೆ ಸ್ನೇಹಿತರ ಜತೆ ಹೋಗಿ ಬರಲಿ.